ಮೊದಲ ಗೊಂತಿನ ಹಸು

ಹಸು ಲಾರಿ ಕಡೆ ಹೋಗಲಿಲ್ಲ.

ಸರಪಳಿ ಬಿಚ್ಚಿದ್ದೇ ತಡ, ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು, ಮುಖ ತಿರುಗಿಸಿಕೊಂಡು ಕೊಟ್ಟಿಗೆಯ ಒಳಕ್ಕೇ ನಡೆಯಿತು. ಲಾರಿಯವನು ಹಗ್ಗ ಜಗ್ಗಿದ. ಆರುನೂರೈವತ್ತು ಕಿಲೋ ಮೈ, ಅವನನ್ನೂ ಸೇರಿಸಿಕೊಂಡೇ ಹೋಯಿತು.

"ಏಯ್, ಏಯ್! ಎಲ್ಲಿಗೇ ಹೊರಟೆ ಮಾರಾಯ್ತಿ! ಲಾರಿ ಈ ಕಡೆ ಕಣೇ!"

ಮಾರಾಯ್ತಿ ಕೇಳಲಿಲ್ಲ. ಎರಡೂ ಸಾಲಿನ ಹಸುಗಳು ತಲೆಯೆತ್ತಿ ನೋಡುತ್ತಿದ್ದ ಹಾಗೇ ನಡುದಾರಿಯ ಉದ್ದಕ್ಕೂ ಹೋಗಿ, ತುದಿಯಲ್ಲಿ ಎಡಕ್ಕೆ, ಕಿಟಕಿ ಪಕ್ಕದ ಮೊದಲ ಗೊಂತಿನ ಮುಂದೆ ನಿಂತಿತು. ಅಲ್ಲಿ ಆಗಲೇ ಬೇರೊಂದು ಹಸುವನ್ನು ಕಟ್ಟಿದ್ದರು. ಇದು ಅದರ ತೊಡೆಗೆ ತಲೆ ಒತ್ತಿ, ಪಕ್ಕಕ್ಕೆ ಸರಿ ಅನ್ನುವ ಹಾಗೆ ಒಂದು ಸಲ ನೂಕಿತು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಕೊಟ್ಟಿಗೆಯ ಯಜಮಾನ ತೊಗಾಶಿ ಮಸಾನೋರಿ. ನಾನು ಹಸು ನೋಡುವುದನ್ನು ಬಿಟ್ಟು ಅವನ ಮುಖ ನೋಡಿದೆ. ಮೈನಸ್ ಹದಿನೆಂಟರ ಚಳಿಯಲ್ಲಿ ಆ ಮುಖದ ಮೇಲೆ ಬೆವರು ಬಂದಿತ್ತು.

"ಮಸಾ," ಅಂದೆ. "ಅದು ಯಾರ ಜಾಗ?"

"ಹಸುಗೇನು ತಲೆ ಇರುತ್ತಾ ಸುಮಿ ಚಾನ್. ಗಾಬರಿಗೆ ಎಲ್ಲಿಗೋ ಹೋಯ್ತು."

ನನಗೆ ಐವತ್ತನಾಲ್ಕು. ತೊಯೊನೈ ಠಾಣೆಯ ಪತ್ತೇದಾರಿ ವಿಭಾಗದಲ್ಲಿ ಎಲ್ಲರೂ ನನ್ನನ್ನು ಕಾಕಿಝಾಕಿ ಸಾನ್ ಅನ್ನುತ್ತಾರೆ, ಕೆಲವರು ಹೆದರಿಕೊಂಡೇ ಅನ್ನುತ್ತಾರೆ. ಸುಮಿ ಚಾನ್ ಅಂತ ಕರೆಯುವವನು ಇವನೊಬ್ಬ, ಒಂದೇ ಶಾಲೆಯ ಬೆಂಚಿನ ಸಲಿಗೆ. ಆ ಸಲಿಗೆಯನ್ನು ಇವತ್ತು ಅಡ್ಡ ಹಿಡಿಯುತ್ತಿದ್ದಾನೆ ಅಂತ ಗೊತ್ತಾಗಿ ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪನೂ ನಲವತ್ತು ಹಸು ಕಟ್ಟಿದವನು. ಬೇಸಿಗೆಯಲ್ಲಿ ಮೇಯಲು ಬಿಟ್ಟ ಹಸುಗಳು ಸಂಜೆ ಬಾಗಿಲು ತೆಗೆದರೆ ತಮ್ಮ ತಮ್ಮ ಗೊಂತಿಗೆ ತಾವೇ ಹೋಗಿ ಸರಪಳಿಗೆ ಕುತ್ತಿಗೆ ಕೊಡುತ್ತಿದ್ದವು. ಒಂದೇ ಒಂದು ತಪ್ಪಿದ್ದು ನನಗೆ ನೆನಪಿಲ್ಲ. ಇಂಥ ಮಾತನ್ನು ಪಟ್ಟಣದಿಂದ ಬಂದ ಪೊಲೀಸಿನವನಿಗೆ ಹೇಳಬೇಕಿತ್ತು ಅವನು.

"ಅಕ್ಕಾ, ಕಸಾಯಿಖಾನೆ ಗೇಟು ಹನ್ನೊಂದಕ್ಕೆ ಮುಚ್ತಾರೆ," ಲಾರಿಯವನು ಅಲ್ಲಿಂದಲೇ ಕೂಗಿದ. "ನಂಗಿನ್ನೂ ಎರಡು ಕೊಟ್ಟಿಗೆ ಇದೆ. ನೀವಿಬ್ಬರೂ ಆಮೇಲೆ ಮಾತಾಡ್ಕೊಳಿ, ಇದನ್ನ ಹಿಂದಿನಿಂದ ಯಾರಾದ್ರೂ ನೂಕ್ತೀರಾ?"

"ಹತ್ತಿಸು. ಹತ್ತಿಸಿ ಅಲ್ಲೇ ನಿಂತಿರು. ನಾನು ಹೇಳೋ ತನಕ ಗಾಡಿ ಗೇಟು ದಾಟಬಾರದು," ಅಂದೆ.

"ಅಯ್ಯೋ, ಹತ್ತಿಸಿ ನಿಲ್ಲೋದಾ!"

"ಹೌದು ಕಣಪ್ಪ, ನಿಲ್ಲೋದು."

ಬೈದುಕೊಂಡೇ ಅವನು ಕೆಲಸಕ್ಕೆ ಬಿದ್ದ. ಹಸು ಎರಡನೇ ಸಲ ನನ್ನ ಪಕ್ಕದಲ್ಲೇ ಹಾದುಹೋಗುವಾಗ ನಾನು ಅದರ ಕಿವಿ ಹಿಡಿದೆ.

ನಂಬರಿನ ಕಿವಿಓಲೆಯ ಮೇಲೆ ದಪ್ಪ ಅಂಕಿಯಲ್ಲಿ ಇಪ್ಪತ್ತೆರಡು ಮೂವತ್ತೆಂಟು. ಎರಡು ಕಿವಿಯಲ್ಲೂ ಅದೇ. ಆದರೆ ಓಲೆ ಹೊಚ್ಚಹೊಸದು, ನಿಂಬೆಹಣ್ಣಿನ ಹಳದಿ. ಐದು ವರ್ಷದ ಹಸುವಿನ ಓಲೆ ಅಂದರೆ ಬಿಸಿಲಿಗೆ ಬಿಳುಚಿ, ಗೋದಲಿಗೆ ಉಜ್ಜಿ ಅಂಚು ಸವೆದಿರಬೇಕು. ಓಲೆ ಕಳೆದುಹೋದರೆ ಹೊಸದು ಬರುತ್ತದೆ, ಅದು ಸರಿ. ಎರಡು ಕಿವಿಯದೂ ಒಟ್ಟಿಗೆ ಹೇಗೆ ಕಳೆಯುತ್ತದೆ? ತೂತಿನ ಸುತ್ತ ರಕ್ತದ ಹಕ್ಕಳೆ ಇನ್ನೂ ಉದುರಿರಲಿಲ್ಲ.

ಭುಜದ ಮುಂದೆ ಕೈಯಾಡಿಸಿದೆ. ಚರ್ಮದ ಕೆಳಗೆ ಕೋಳಿಮೊಟ್ಟೆ ಗಾತ್ರದ ಗಂಟು ಸಿಕ್ಕಿತು. ಇನ್ನೊಂದು ಕಡೆಯೂ ಇತ್ತು. ಹಸು ಸುಮ್ಮನೆ ನಿಂತು ನನ್ನ ತೋಳಿಗೆ ಉಸಿರು ಬಿಟ್ಟಿತು. ಪಾಪ, ಎಷ್ಟು ಸಾಧು.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಹೆದರಿಕೆಯಲ್ಲ, ಸಂತೋಷ. ಅಂಥ ಜಾಗದಲ್ಲಿ ಅಂಥ ಸಂತೋಷ ಪಟ್ಟೆನಲ್ಲ ಅಂತ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಯಾಕೆಂದರೆ ನಾನು ಬಂದದ್ದು ಹಸುವಿಗಾಗಿ ಅಲ್ಲ, ಒಂದು ಹುಡುಗಿಗಾಗಿ. ಗುರುವಾರ ಮಧ್ಯಾಹ್ನ, ಈ ಸುತ್ತಿನ ಹಸುಗಳಿಗೆಲ್ಲ ಗರ್ಭಧಾರಣೆ ಮಾಡುತ್ತಿದ್ದ ಒಯಿಕಾವಾ ತೆತ್ಸುಜಿ, ಊಟ ಮಾಡಿ ಕಾರಿನಲ್ಲೇ ಕಣ್ಣು ಮುಚ್ಚಿದ್ದವನು ಮತ್ತೆ ತೆರೆಯಲಿಲ್ಲ. ವೀರ್ಯದ ಕಡ್ಡಿ ಇಡುವ ನೈಟ್ರೋಜನ್ ಕ್ಯಾನು ಹಿಂದಿನ ಸೀಟಿನಲ್ಲಿ ಉರುಳಿ, ಕಾರೊಳಗಿನ ಗಾಳಿಯನ್ನೆಲ್ಲ ಆ ಹಬೆ ನುಂಗಿಹಾಕಿತ್ತು. ಕ್ಯಾನು ತುಂಬಿ ಕಾರಿಗಿಟ್ಟವಳು ಅವನ ಮಗಳು ಮಿಝುಕಿ. ಸಹಕಾರ ಸಂಘದಲ್ಲಿ ಅಪ್ಪನ ಜೊತೆ ಅದೇ ಕೆಲಸ. ಕ್ಯಾನಿಗೆ ಬೆಲ್ಟು ಬಿಗಿದೆನೋ ಇಲ್ಲವೋ ನೆನಪಿಲ್ಲ ಅಂದುಬಿಟ್ಟಳು. ಕೆಲಸದ ಅಜಾಗರೂಕತೆಯಿಂದ ಸಾವು, ಅಂತ ನಮ್ಮ ಮುಖ್ಯಸ್ಥರು ಹೇಳಿಕೆ ಬರೆಸಿ ಸಹಿಗೆ ಕೂರಿಸಿದ್ದಾರೆ. ಸಹಿ ಹಾಕಿದರೆ ಲೈಸೆನ್ಸು ಹೋಗುತ್ತದೆ. ಅದು ಹೋಗಲಿ, ಅಪ್ಪನನ್ನು ನಾನೇ ಕೊಂದೆ ಅನ್ನುವುದನ್ನು ಆ ಇಪ್ಪತ್ತೆಂಟರ ಹುಡುಗಿ ಸಾಯುವ ತನಕ ಹೊರಬೇಕು.

ನಾನು ನಂಬಲಿಲ್ಲ. ಒಯಿಕಾವಾ ಮೂವತ್ತೈದು ವರ್ಷ ಆ ಕ್ಯಾನಿನ ಜೊತೆ ತಿರುಗಿದವನು. ಎಂಥ ಹಿಮಗಾಳಿ ಬೀಸಲಿ, ಕಾರಿನ ಗಾಜು ಒಂದು ಬೆರಳಿನಷ್ಟು ಇಳಿಸದೆ ಕೂರುತ್ತಿರಲಿಲ್ಲ. ಅವನ ಕಾರಿನಲ್ಲಿ ಕೂತರೆ ಕಿವಿ ಮರಗಟ್ಟುತ್ತದೆ ಅಂತ ಊರೆಲ್ಲ ಗೇಲಿ ಮಾಡುತ್ತಿತ್ತು. ಹೆಣ ಸಿಕ್ಕಾಗ ನಾಲ್ಕೂ ಗಾಜು ಮೇಲಿದ್ದವು. ಚಳಿಗೆ ಏರಿಸಿರಬಹುದು ಅಂದರು ಮುಖ್ಯಸ್ಥರು. ಅವರು ಬಂದು ಎರಡು ಚಳಿಗಾಲ ಆಗಿಲ್ಲ, ಅವರಿಗೇನು ಗೊತ್ತು.

ಬೆಳಿಗ್ಗೆ ಠಾಣೆಯಲ್ಲಿ ಮಿಝುಕಿಯ ಚಳಿಗೆ ಒಡೆದ ಕೈ ಹಿಡಿದುಕೊಂಡು ಹೇಳಿ ಬಂದಿದ್ದೆ: ನಾನು ಬರೋ ತನಕ ಸಹಿ ಮಾಡ್ಬೇಡ, ಇದು ನಿನ್ನ ತಪ್ಪಲ್ಲ ಅಂತ ನಾನು ತೋರಿಸ್ತೀನಿ. ಅವಳು ತಲೆಯೆತ್ತಲಿಲ್ಲ. ಹ್ಞೂಂ ಅಂದಿದ್ದಳು ಅಷ್ಟೇ.

"ಮಸಾ, ಹಾಲಿನ ಕೋಣೆಗೆ ನಡಿ. ಮಾತಾಡ್ಬೇಕು."

ಹಾಲಿನ ಕೋಣೆಯಲ್ಲಿ ತಂಪಿನ ಟ್ಯಾಂಕು ಗುಂಯ್‌ಗುಡುತ್ತಿತ್ತು. ಗೋಡೆ ತುಂಬ ಒಂದು ಬಿಳಿ ಹಲಗೆ. ಅರವತ್ತೆರಡು ಹಸುಗಳ ನಂಬರು, ಪ್ರತಿ ತಿಂಗಳ ಹಾಲಿನ ಪರೀಕ್ಷೆಯ ಫಲಿತಾಂಶ, ಕೊಬ್ಬು, ಕೆಚ್ಚಲು ಬಾವಿನ ಲಕ್ಷಣ, ಕಾಲು, ಗೊರಸು, ಈದು ಎಷ್ಟು ದಿನಕ್ಕೆ ಮತ್ತೆ ಗಬ್ಬ ನಿಂತಿತು. ಪಕ್ಕದಲ್ಲಿ ಒಂದೊಂದು ಅಯಸ್ಕಾಂತದ ಬಿಲ್ಲೆ. ಕೆಂಪಿನವಕ್ಕೆ ಒಳ್ಳೇ ಗೂಳಿಯ ಕಡ್ಡಿ, ಅವುಗಳ ಹೆಣ್ಣುಕರುಗಳೇ ಈ ಕೊಟ್ಟಿಗೆಯ ಮುಂದಿನ ತಲೆಮಾರು. ನೀಲಿಯವಕ್ಕೆ ಮಾಂಸದ ತಳಿ, ಕರು ಹುಟ್ಟಿದ ವಾರಕ್ಕೆ ಮಾರಾಟ. ಕಪ್ಪು ಬಿಲ್ಲೆ ಬಿದ್ದವು ಲಾರಿಗೆ. ನಮ್ಮಪ್ಪ ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಲಾರಿ ಬರುವ ದಿನ ಊಟ ಬಿಡುತ್ತಿದ್ದ. ಇವನು ಗೋಡೆಗೆ ಅಂಟಿಸಿಕೊಂಡು ಅದರ ಎದುರೇ ಕಾಫಿ ಕುಡಿಯುತ್ತಾನೆ.

ಎಲ್ಲಕ್ಕಿಂತ ಮೇಲೆ ಚಿನ್ನದ ಬಣ್ಣದ ಒಂದೇ ಬಿಲ್ಲೆ. ತ್ಸುಬಾಕಿ. ನಾಲ್ಕನೇ ಸೂಲಿಗೆ ಹದಿನೇಳು ಸಾವಿರ ಕಿಲೋ ಹಾಲು, ಒಂದು ದಿನ ಕುಂಟಿದ್ದಿಲ್ಲ, ಒಂದು ಸಲ ಕೆಚ್ಚಲು ಬಾತದ್ದಿಲ್ಲ. ಗೂಳಿ ಕೇಂದ್ರದವರು ಈ ವರ್ಷ ಇಡೀ ದ್ವೀಪದಲ್ಲಿ ಆರಿಸಿದ ಹನ್ನೊಂದು ತಾಯಿಹಸುಗಳಲ್ಲಿ ಒಂದು. ಅದರ ಭ್ರೂಣಗಳು ಇನ್ನು ದೇಶದ ಕೊಟ್ಟಿಗೆ ಕೊಟ್ಟಿಗೆಗೆ ಹೋಗಬೇಕು.

ಜೇಬಿನಿಂದ ಒಯಿಕಾವಾನ ಟಿಪ್ಪಣಿ ಪುಸ್ತಕ ತೆಗೆದೆ. ಸತ್ತಾಗ ಅವನ ಅಂಗಿಯ ಜೇಬಿನಲ್ಲಿತ್ತು.

"ಓದ್ತೀನಿ ಕೇಳು. ಐದು ವರ್ಷದ ಹಿಂದೆ: 'ತ್ಸುಬಾಕಿ. ಗರ್ಭಕಂಠ ಎಡಕ್ಕೆ ತಿರುಗಿದೆ, ಕಡ್ಡಿ ಹಾಕುವಾಗ ಹುಷಾರು.' ಮಾರನೇ ವರ್ಷ: 'ಎಡ ತಿರುವು, ಹುಷಾರು.' ಒಟ್ಟು ಏಳು ಸಲ ಬರೆದಿದ್ದಾನೆ. ಮೊನ್ನೆ ಗುರುವಾರ, ಹನ್ನೊಂದು ನಲವತ್ತು, ನಿನ್ನ ಕೊಟ್ಟಿಗೆಯಲ್ಲಿ: 'ತ್ಸುಬಾಕಿ. ನೆಟ್ಟಗಿದೆ.' ಅಷ್ಟೇ."

ತೊಗಾಶಿ ಹಲಗೆ ನೋಡುತ್ತ ನಿಂತ.

"ಕಿವಿಓಲೆ ಬದಲಾಗಬಹುದು. ಗರ್ಭಕಂಠ ನೆಟ್ಟಗಾಗುತ್ತೇನೋ? ಅವನು ಕಣ್ಣಲ್ಲಿ ನೋಡಲಿಲ್ಲ ಮಸಾ, ಕೈಯಲ್ಲಿ ನೋಡಿದ. ಮೊದಲ ಗೊಂತಿನಲ್ಲಿ ಇರೋದು ತ್ಸುಬಾಕಿ ಅಲ್ಲ ಅಂತ ಅವನ ಕೈಗೆ ಗೊತ್ತಾಯ್ತು. ಅದಾಗಿ ಒಂದೂವರೆ ಗಂಟೆಗೆ ಅವನು ಸತ್ತ."

"ಎರಡೂ ಹಸು ಒಂದೇ ತಾಯಿ ಹೊಟ್ಟೇವು," ಅಂದ ತೊಗಾಶಿ. ದನಿ ಸಣ್ಣದಾಗಿತ್ತು. "ಮೈಯೆಲ್ಲ ಕಪ್ಪು, ಹಣೆ ಮೇಲೊಂದು ಚುಕ್ಕೆ. ನಮ್ಮನೇವಳಿಗೇ ಗೊತ್ತಾಗಲಿಲ್ಲ."

"ಹಾಗಾದ್ರೆ ಒಪ್ಕೊಂಡೆ."

"ಏನು ಮಾಡ್ಲಿ ಹೇಳು! ಜನವರಿಯಲ್ಲಿ ಗಂಟು ಕಾಣಿಸ್ತು. ಗುಟ್ಟಾಗಿ ರಕ್ತ ಕಳಿಸಿದೆ. ರಕ್ತದ ಕ್ಯಾನ್ಸರಿನ ವೈರಸ್ಸು. ಗೂಳಿ ಕೇಂದ್ರದ ಡಾಕ್ಟರು ಫೆಬ್ರವರಿಗೆ ಬಂದು ತಾವೇ ರಕ್ತ ತಗೊಳ್ತಾರೆ, ಓಲೆಯ ಫೋಟೋ ಹಿಡೀತಾರೆ ಅಂತಾಯ್ತು. ಭ್ರೂಣ ಆಗಲೇ ತೆಗೆದಾಗಿದೆ ಸುಮಿ, ತೊಳೆದು ಹೆಪ್ಪುಗಟ್ಟಿಸಿಟ್ಟಿದ್ದಾರೆ. ಭ್ರೂಣಕ್ಕೆ ಆ ರೋಗ ಹೋಗಲ್ಲ, ಅವರಿಗೂ ಗೊತ್ತು! ಆದ್ರೂ ಕಾಗದ ಬೇಕು. ತಾಯಿ ರಕ್ತ ಶುದ್ಧ ಅನ್ನೋ ಒಂದು ಕಾಗದ. ಇಪ್ಪತ್ತಾರು ವರ್ಷ ಸುಮಿ. ಮೂರು ತಲೆಮಾರು ಆರಿಸಿ ಆರಿಸಿ ಬಂದ ತಳಿ. ಒಂದು ಕಾಗದಕ್ಕೋಸ್ಕರ ಮಣ್ಣುಪಾಲು ಮಾಡ್ಲಾ?"

"ಅದಕ್ಕೆ ತಂಗಿ ರಕ್ತ ಕೊಟ್ಟೆ. ಅಕ್ಕನನ್ನ ತಂಗಿ ಹೆಸರಲ್ಲಿ ಲಾರಿಗೆ ಹತ್ತಿಸಿದೆ."

"ಕಸಾಯಿಖಾನೆಯಲ್ಲಿ ಗಂಟು ಸಿಕ್ಕರೂ ಇಪ್ಪತ್ತೆರಡು ಮೂವತ್ತೆಂಟಕ್ಕೆ ರೋಗ ಅಂತ ಬರೀತಾರೆ. ಯಾರು ಕೇಳ್ತಾರೆ ಅದನ್ನ."

ಎಷ್ಟು ಸಲೀಸಾಗಿ ಅಂದ! ಆ ಹಸು ಐದು ವರ್ಷ ಈ ಮನೆಯ ಅನ್ನ ದುಡಿದಿತ್ತು. ನನಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಕೈ ಜೇಬಿನಲ್ಲೇ ಇಟ್ಟುಕೊಂಡೆ.

"ಒಯಿಕಾವಾಗೂ ಕಪ್ಪು ಬಿಲ್ಲೆ ಅಂಟಿಸಿದೆಯಾ?"

ಅವನು ಗಕ್ಕನೆ ತಿರುಗಿದ. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ನಾನು ಮೋಸಗಾರ, ಒಪ್ತೀನಿ, ಕೈಗೆ ಕೋಳ ಹಾಕು. ಕೊಲೆಗಾರ ಅಲ್ಲ. ಗುರುವಾರ ಹನ್ನೆರಡರಿಂದ ಮೂರರ ತನಕ ಇಲ್ಲೇ ಹಾಲಿನ ಯಂತ್ರ ರಿಪೇರಿ. ಇಬ್ಬರು ಮೆಕ್ಯಾನಿಕ್ಕು ಇದ್ದರು, ನಮ್ಮನೇವಳು ಅವರಿಗೆ ಊಟ ಬಡಿಸಿದ್ಲು. ಹೋಗಿ ಕೇಳು."

"ಕೇಳ್ತೀನಿ. ಮತ್ತೆ ಯಾರಿಗೆ ಗೊತ್ತಿತ್ತು ಇದು?"

ಅವನು ಹಲಗೆಯ ಮೇಲಿನ ಒಂದು ಬಿಲ್ಲೆಯನ್ನು ನೆಟ್ಟಗೆ ಕೂರಿಸತೊಡಗಿದ.

"ಮಸಾ, ಹೊಸ ಓಲೆ ಅರ್ಜಿ ಹಾಕದೆ ಬರಲ್ಲ. ಎರಡು ಹಸುವಿನದು, ನಾಲ್ಕು ಓಲೆ ಒಟ್ಟಿಗೆ. ಸಹಕಾರ ಸಂಘದಲ್ಲಿ ಯಾರಾದ್ರೂ ಹುಬ್ಬೇರಿಸಬೇಕಿತ್ತು. ಯಾಕೆ ಏರಿಸಲಿಲ್ಲ?"

ಅವನು ಸ್ಟೂಲಿನ ಮೇಲೆ ಕೂತ.

"ನಿಂಗೆ ಇದು ಬೇಡ ಸುಮಿ. ನೀನು ಯಾರಿಗೋಸ್ಕರ ಬಂದಿದ್ದೀಯ ಅಂತ ನಂಗೆ ಗೊತ್ತು. ಇಷ್ಟಕ್ಕೇ ಬಿಟ್ಬಿಡು. ನನ್ನ ಕರ್ಕೊಂಡು ಹೋಗು."

"ಹೇಳು."

"ಓಲೆ ಅರ್ಜಿ ನೋಡೋ ಮೇಜು ಮಿಝುಕಿಯದು."

ಟ್ಯಾಂಕಿನ ಸದ್ದು ನಿಂತಿತು. ಆ ಸದ್ದಿಲ್ಲದೆ ಕೋಣೆ ಇನ್ನೂ ತಣ್ಣಗಾದ ಹಾಗೆ ಅನ್ನಿಸಿತು.

"ಸುಳ್ಳು."

"ತ್ಸುಬಾಕಿಗೆ ಆ ರೋಗ ಹೇಗೆ ಬಂತು ಅಂದ್ಕೊಂಡಿದ್ದೀಯ? ನಮ್ಮ ಕೊಟ್ಟಿಗೆಯಲ್ಲಿ ಯಾವ ಹಸುಗೂ ಇರಲಿಲ್ಲ. ಮೂರು ವರ್ಷದ ಹಿಂದೆ, ಆ ಹುಡುಗಿ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಮೈನಸ್ ಇಪ್ಪತ್ತಾರು ಅವತ್ತು. ಮೇಲಿನ ಮನೆಯವರ ಕೊಟ್ಟಿಗೆಯಲ್ಲಿ ಒಂದು ಹಸು ಪರೀಕ್ಷೆ ಮಾಡಿ ಇಲ್ಲಿಗೆ ಬಂದ್ಲು. ಭುಜದ ತನಕ ಹಾಕೋ ಪ್ಲಾಸ್ಟಿಕ್ ಗ್ಲೌಸು, ಹಸುಗೊಂದು ಅಂತ ಅವರಪ್ಪ ಬಡ್ಕೊಂಡು ಬಡ್ಕೊಂಡು ಹೇಳಿಕೊಟ್ಟಿದ್ದ. ಬಿಚ್ಚಿದ್ರೆ ಕೈ ಹೆಪ್ಪುಗಟ್ಟುತ್ತೆ ಅಂತ ಅದೇ ಗ್ಲೌಸಲ್ಲಿ ತ್ಸುಬಾಕಿಗೂ ಕೈ ಹಾಕಿದ್ಲು. ಒಂದೇ ಒಂದು ಸಲ. ಮೇಲಿನ ಹಸುಗೆ ರೋಗ ಇತ್ತು."

"ನಿಂಗ್ಯಾರು ಹೇಳಿದ್ದು?"

"ಅವಳೇ. ಜನವರಿಯಲ್ಲಿ ನಾನು ರಕ್ತದ ಫಲಿತಾಂಶ ತೋರಿಸಿದೆ. ಬಿಳಚಿಕೊಂಡ್ಲು. ಈ ನಡುದಾರಿಯ ಸಿಮೆಂಟಿಗೆ ಹಣೆ ಹಚ್ಚಿ ಕೂತ್ಬಿಟ್ಲು, ಏಳಲೇ ಇಲ್ಲ. 'ಅಪ್ಪನಿಗೆ ಹೇಳ್ಬೇಡಿ, ಏನು ಬೇಕಾದ್ರೂ ಮಾಡ್ತೀನಿ' ಅಂತ. ಆವಾಗ ನಂಗೆ ಈ ಬುದ್ಧಿ ಬಂತು. ಓಲೆ ತರಿಸಿದ್ದು ಅವಳು. ಹಳೇದು ಕತ್ತರಿಸಿ ಹೊಸದು ಚುಚ್ಚಿದ್ದೂ ಅವಳೇ. ಗುರುವಾರ ಗಬ್ಬ ನೋಡೋಕೆ ಬರಬೇಕಾದವಳೂ ಅವಳೇ. ಅವಳ ಬದಲು ಅಪ್ಪ ಬಂದು ನಿಂತ."

ನಾನು ಟ್ಯಾಂಕಿಗೆ ಒರಗಿಕೊಂಡೆ.

"ಒಯಿಕಾವಾ ನಿಂಗೇನಂದ?"

"ಏನೂ ಅನ್ನಲಿಲ್ಲ. ಗ್ಲೌಸು ಬಿಚ್ಚಿ ಕಸದ ಡಬ್ಬಿಗೆ ಹಾಕಿದ. ಬೇರೆ ಗ್ಲೌಸು ಹಾಕ್ಕೊಂಡು ಹಿಂದಿನ ಸಾಲಿಗೆ ಹೋಗಿ ಇಪ್ಪತ್ತೆರಡು ಮೂವತ್ತೆಂಟಕ್ಕೆ ಕೈ ಹಾಕಿ ನೋಡಿದ. 'ತೊಗಾಶಿ ಸಾನ್, ಓಲೆ ಚುಚ್ಚಿದ ಕೈ ನಂಗೆ ಗೊತ್ತು, ನಾನೇ ಹೇಳಿಕೊಟ್ಟಿದ್ದು' ಅಂದ. ಮಧ್ಯಾಹ್ನ ಸಂಘಕ್ಕೆ ಹೋಗಿ ಎಲ್ಲಾ ಹೇಳ್ತೀನಿ ಅಂದ. ಮಗಳದ್ದೂ ಸೇರಿಸಿ. ಅವನು ಎಂಥವನು ಅಂತ ನಿಂಗೊತ್ತಲ್ಲ."

ಗೊತ್ತಿತ್ತು. ಹೇಳೇ ಹೇಳುತ್ತಿದ್ದ.

"ಅವನ ಕಾರು ಗೇಟು ದಾಟಿದ ತಕ್ಷಣ ನಾನು ಮಿಝುಕಿಗೆ ಫೋನ್ ಮಾಡಿದೆ. ನಿಮ್ಮಪ್ಪನಿಗೆ ಗೊತ್ತಾಗೋಯ್ತು ಅಂದೆ. ಅವಳು, 'ನಾನು ಮಾತಾಡ್ತೀನಿ. ಅವರು ಎಲ್ಲಿ ಊಟ ಮಾಡ್ತಾರೆ ಅಂತ ನಂಗೊತ್ತು' ಅಂದ್ಲು."

ಗುರುವಾರ ಎರಡು ಗಂಟೆಯ ತನಕ ಕಚೇರಿ ಬಿಟ್ಟು ಕದಲಲಿಲ್ಲ ಅಂತ ಅವಳು ಹೇಳಿಕೆಯಲ್ಲಿ ಬರೆಸಿದ್ದಳು. ಅದನ್ನು ಬರೆದುಕೊಂಡವಳು ನಾನೇ. ಒಬ್ಬರನ್ನೂ ಕೇಳಿ ಖಚಿತಪಡಿಸಿಕೊಳ್ಳದೆ ಬರೆದುಕೊಂಡಿದ್ದೆ. ಅಪ್ಪನನ್ನು ಕಳಕೊಂಡ ಮಗು, ಏನು ಕೇಳೋದು ಅಂತ.

ಹೊರಗೆ ಲಾರಿ ಹಾರನ್ನು ಬಾರಿಸಿತು.

"ಅಕ್ಕಾ! ಹತ್ತು ಆಯ್ತು! ಹೋಗ್ಲಾ ಬೇಡ್ವಾ?"

ತೊಗಾಶಿ ತಲೆಯೆತ್ತಿದ. "ಬಿಟ್ಬಿಡು ಸುಮಿ. ನಂಗೋಸ್ಕರ ಕೇಳ್ತಿಲ್ಲ. ಆ ಹಸು ಹೋದ್ರೆ ಓಲೆ ಬದಲಾಯಿಸಿದ್ದು ಯಾರೂ ತೋರಿಸೋಕಾಗಲ್ಲ. ಅವಳು ಆ ಅಜಾಗರೂಕತೆ ಕಾಗದಕ್ಕೆ ಸಹಿ ಹಾಕ್ಲಿ. ದಂಡ ಕಟ್ಲಿ, ಊರು ಬಿಟ್ಟು ಹೋಗ್ಲಿ, ಬದುಕ್ಲಿ. ಹಸು ಇಲ್ಲೇ ಉಳಿದ್ರೆ ಅವಳಿಗೆ ಅಪ್ಪನ ಬಾಯಿ ಮುಚ್ಚಿಸೋಕೆ ಕಾರಣ ಇತ್ತು ಅಂತಾಗುತ್ತೆ. ಆಮೇಲೆ ಏನಾಗುತ್ತೆ ಅಂತ ನಿಂಗೆ ನಾನು ಹೇಳ್ಬೇಕಾ?"

ನಾನು ಅಂಗಳಕ್ಕೆ ಬಂದೆ. ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಲಾರಿಯ ಹಲಗೆ ಸಂದಿಯಿಂದ ತ್ಸುಬಾಕಿಯ ಮೂಗು ಕಾಣುತ್ತಿತ್ತು, ಉಸಿರು ಬೆಳ್ಳಗೆ ಹೊರಬರುತ್ತಿತ್ತು. ಲಾರಿಯವನು ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದ. ಸುಮ್ಮನೆ ಕೈ ಬೀಸಿದರೆ ಸಾಕಿತ್ತು. ಬೀಸಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆ ಒಡೆದ ಕೈಗಳನ್ನು ನಾನು ಬೆಳಿಗ್ಗೆ ತಾನೇ ಹಿಡಿದಿದ್ದೆ.

ಅಷ್ಟರಲ್ಲಿ ಫೋನು. ಠಾಣೆಯಿಂದ ಇಗುಚಿ, ಮಿಝುಕಿಯ ಎದುರು ಕೂರಿಸಿ ಬಂದಿದ್ದ ನನ್ನ ಸಹೋದ್ಯೋಗಿ.

"ಕಾಕಿಝಾಕಿ ಸಾನ್, ಹುಡುಗಿ ಇನ್ನೂ ಸಹಿ ಹಾಕಿಲ್ಲ. ನೀವು ಬರೋ ತನಕ ಬೇಡ ಅಂದಿದ್ರಲ್ಲ. ಆದ್ರೆ ನಿಮ್ಮನ್ನ ಒಂದು ಮಾತು ಕೇಳಿ ಅಂತ ಒಂಬತ್ತು ಗಂಟೆಯಿಂದ ಪ್ರಾಣ ತಿಂತಿದಾಳೆ."

"ಏನು ಮಾತು?"

"ಏನೋ ನಂಬರು ಹೇಳ್ತಾಳೆ. 'ಇಪ್ಪತ್ತೆರಡು ಮೂವತ್ತೆಂಟು ಲಾರಿ ಹತ್ತಿ ಹೋಯ್ತಾ' ಅಂತ. ಅದೇನದು? ನೀವು ಇವತ್ತು ಎಲ್ಲಿಗೆ ಹೋಗ್ತೀರಿ ಅಂತ ನಾನಂತೂ ಹೇಳಿಲ್ಲ."

ನಾನೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಫೋನು ಕಿವಿಗಿಟ್ಟುಕೊಂಡೇ ಲಾರಿಯ ಹತ್ತಿರ ಹೋದೆ. ಹಿಂದಿನ ಅಗುಳಿಗೆ ಕೈ ಹಾಕಿದೆ. ಕಬ್ಬಿಣ ಬೆರಳಿಗೆ ಅಂಟಿಕೊಂಡು ಚರ್ಮ ಕಿತ್ತಿತು.

"ಇಳಿಸು," ಅಂದೆ ಲಾರಿಯವನಿಗೆ.

"ಏನ್ ತಮಾಷೆ ಮಾಡ್ತಿದ್ದೀರಾ ಅಕ್ಕಾ!"

"ಇಳಿಸು ಅಂದೆ! ಈ ಹಸು ಪೊಲೀಸರ ವಶ."

ಬಾಗಿಲಲ್ಲಿ ನಿಂತಿದ್ದ ತೊಗಾಶಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹಲಗೆ ಕೆಳಗಿಳಿಯಿತು. ತ್ಸುಬಾಕಿ ಒಂದೊಂದೇ ಕಾಲು ಊರಿ ಹಿಮಕ್ಕೆ ಇಳಿಯಿತು, ಯಾರೂ ಎಳೆಯದೆ ತಾನೇ ಕೊಟ್ಟಿಗೆ ಕಡೆ ಹೊರಟಿತು.

"ಇಗುಚಿ, ಇದ್ದೀಯಾ? ಅವಳಿಗೆ ಹೇಳು, ಇಪ್ಪತ್ತೆರಡು ಮೂವತ್ತೆಂಟನ್ನ ಇಳಿಸಿದ್ದೀವಿ ಅಂತ. ಫೋನ್ ಇಡ್ಬೇಡ. ಹೇಳಿ, ಅವಳೇನಂತಾಳೆ ನಂಗೆ ಹೇಳು."

ಅವನು ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಕುರ್ಚಿ ಎಳೆದ ಸದ್ದು. ದಯವಿಟ್ಟು ಅಳು, ಏನೂ ಗೊತ್ತಿಲ್ಲ ಅನ್ನು, ಯಾವ ಹಸು ಅಂತ ಕೇಳು, ಅಂತ ನಾನು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ.

"ಕಾಕಿಝಾಕಿ ಸಾನ್." ಇಗುಚಿಯ ದನಿ ಬದಲಾಗಿತ್ತು. "ಅವಳು ಹೇಳಿಕೆ ಕಾಗದ ನನ್ನ ಕಡೆ ತಳ್ಳಿದ್ಲು."

"ಸಹಿ ಹಾಕಿದ್ಲಾ?"

"ಇಲ್ಲ. 'ಹಾಗಾದ್ರೆ ಸರಿ, ಕಾರಿನ ಗಾಜು ಏರಿಸಿದ್ದು ನಾನೇ, ಇದರಲ್ಲಿ ಅಜಾಗರೂಕತೆ ಅಂತ ಇರೋದನ್ನ ಹೊಡೆದುಹಾಕಿ' ಅಂತಿದಾಳೆ."